ತಣ್ಣಗಿದ್ದ ಸೀಟು

ನಾನು ಮುದ್ದೇಬಿಹಾಳದ ಮೆಕ್ಯಾನಿಕ್ ಮಾಳಿಂಗ. ಕಂಡದ್ದಷ್ಟೇ ಹೇಳುತ್ತೇನೆ, ಶಿವನೇ ಸಾಕ್ಷಿ.

ಶಂಕರೆಪ್ಪ ಸಾವಕಾರರು ತಮ್ಮ ಹಳೇ ಬೆಂಜ್ ಕಾರನ್ನು ಮಗುವಿನಂತೆ ಸಾಕಿದ್ದರು, ತಾವೇ ಓಡಿಸುತ್ತಿದ್ದರು. ಬ್ಯಾಸಗಿಯಲ್ಲಿ ಎ.ಸಿ. ಹಚ್ಚಿ, ಚರ್ಮದ ಸೀಟು ತಣ್ಣಗಾದ ಮೇಲೆಯೇ ಹೆಂಡತಿ ಸಿದ್ದವ್ವನವರನ್ನು ಕರೆಯುತ್ತಿದ್ದರು.

ಸಾವಕಾರರು ಲಿಂಗೈಕ್ಯರಾದ ಮರುವರ್ಷ, ಮೇ ತಿಂಗಳ ಒಂದು ಮಧ್ಯಾಹ್ನ, ಕಾರು ಕೊಳ್ಳಲು ಇಂಡಿ ಊರಿನ ಗಿರಾಕಿಯೊಬ್ಬ ಬರುವವನಿದ್ದ. ಬದಲಿಸಲೆಂದು ಕಾರಿನ ಹಳೇ ಬ್ಯಾಟರಿ ಬಿಚ್ಚಿ ಕೆಳಗಿಟ್ಟಿದ್ದೆ.

"ಒಮ್ಮೆ ಕುಂತು ಇಳೀತೇನಿ, ತಮ್ಮಾ," ಎಂದರು ಸಿದ್ದವ್ವ.

"ಬಿಸಲಾಗ ನಿಂತೈತ್ರಿ ಯವ್ವಾ, ಸೀಟು ಸುಡ್ತೈತಿ."

ಅವರು ಮುಂದೆ, ಡ್ರೈವರ್ ಪಕ್ಕದ ತಮ್ಮ ಸೀಟಿನಲ್ಲಿ ಕೂತು ನಕ್ಕರು. "ಹುಚ್ಚಪ್ಪಾ, ತಣ್ಣಗ ಐತಲ್ಲೋ."

ಮುಟ್ಟಿದೆ. ಮಣ್ಣಿನ ಕೊಡದಷ್ಟು ತಂಪು. ಹಿಂದಿನ ಸೀಟು ಮಾತ್ರ ಅಂಗೈ ಸುಟ್ಟಿತು.

"ಗಿರಾಕಿಗೆ ಬರಬ್ಯಾಡ ಅನ್ನು," ಎಂದರು ಸಿದ್ದವ್ವ, ಮೆಲ್ಲಗೆ.

ಆಮೇಲೆ ಡ್ರೈವರ್ ಸೀಟಿನ ಮೇಲೆ ಕೈಯಿಟ್ಟೆ. ಅದು ಸುಡಲೂ ಇಲ್ಲ, ತಂಪೂ ಇರಲಿಲ್ಲ. ಮನುಷ್ಯ ಈಗಷ್ಟೇ ಎದ್ದುಹೋದ ಜಾಗದಷ್ಟು ಬೆಚ್ಚಗಿತ್ತು.