ಊನಾಳ ಕೂದಲಿನ ದಿಂಬು

ಗೋಡೆ ಸಂದಿಯ ಕೂದಲಿಗೆ ಕೈ ಹಾಕಬೇಡವೆಂದು ಜೊತೆಯ ಕೈದಿ, ಮುದುಕಿ ಹೊನೋರಾ ಹೇಳಿದಾಗ ಟಾಮ್ಸಿನ್ ನಕ್ಕುಬಿಟ್ಟಳು.

“ಸತ್ತೋಳಿಗೆ ಕೂದ್ಲು ಯಾಕಜ್ಜಿ? ಬಾಚ್ಕೊಳ್ಳೋಕಾ?”

ಕಾರ್ನ್‌ವಾಲಿನಿಂದ ಹಡಗು ಹತ್ತಿಸಿ ತಂದು, ಕಡಲಾಚೆ ಕೈದಿಗಳನ್ನು ಸಾಗಿಸುವ ದ್ವೀಪದ ಊರಾದ ಹೋಬಾರ್ಟಿನ ಹೆಂಗಸರ ಜೈಲಿಗೆ ಅವಳನ್ನು ನೂಕಿ ಇನ್ನೂ ವಾರ ಕಳೆದಿರಲಿಲ್ಲ. ಕದ್ದದ್ದು ಒಂದು ಕಂಬಳಿ; ಶಿಕ್ಷೆ ಏಳು ವರ್ಷ. ಮಡಿಲಲ್ಲಿ ಹಡಗಿನಲ್ಲೇ ಹುಟ್ಟಿದ ಮಗಳು ಲಿಡಿಯಾ. ಬೆಟ್ಟದ ನೆರಳು ಬಿದ್ದ ಆ ಕಣಿವೆಯಲ್ಲಿ ಬಿಸಿಲು ಅಂಗಳದ ಒಂದು ಮೂಲೆಗೆ ಬಂದು ಹೊರಟುಹೋಗುತ್ತಿತ್ತು. ಗೋಡೆಗಳು ಬೆವರುತ್ತಿದ್ದವು. ಎಲ್ಲಿ ಹೋದರೂ ಒಗೆತದ ತೊಟ್ಟಿಯ ಬೂದಿನೀರು, ಹುಳಿತ ಹಾಲು, ಕೊಳೆತ ಹುಲ್ಲಿನ ವಾಸನೆ. ಆ ಥಂಡಿಗೆ ಕೂಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಲಿಡಿಯಾ ಆಗಲೇ ಕೆಮ್ಮುತ್ತಿದ್ದಳು.

ಕೂದಲು ಊನಾ ಎಂಬ ಐರಿಷ್ ಕೈದಿಯದು. ಎದುರು ಮಾತಾಡಿದಳೆಂದು ಅವಳ ತಲೆ ಬೋಳಿಸಿ ಕತ್ತಲೆ ಕೋಣೆಗೆ ಹಾಕಿದ್ದರಂತೆ. ಹೊರಗೆ ಬರುವಷ್ಟರಲ್ಲಿ ಅವಳ ಕೂಸನ್ನು ಮಣ್ಣು ಮಾಡಿಯಾಗಿತ್ತು. ಅವರ ಸೀಮೆಯವರು ಕತ್ತರಿಸಿದ ಕೂದಲನ್ನು ಎಸೆಯುವುದಿಲ್ಲ, ಸುಡುವುದಿಲ್ಲ; ಸತ್ತವರೆಲ್ಲ ಏಳುವ ಕಡೆಯ ದಿನ ಹುಡುಕಿಕೊಳ್ಳಬೇಕಲ್ಲ ಎಂದು ಗೋಡೆಯಲ್ಲಿ ಅಡಗಿಸಿಡುತ್ತಾರೆ. ಊನಾ ಕಸದಿಂದ ಎಳೆ ಎಳೆ ಆರಿಸಿ ಅಡಗಿಸಿದಳು. ಬರಿಗಲ್ಲಿನ ಮೇಲೆ ಮೊಣಕಾಲೂರಿ ಶಾಪ ಹಾಕಿದಳು: ಇದರ ಮೇಲೆ ತಲೆಯಿಟ್ಟ ಕೂಸು ನನ್ನದು. ಚಳಿಗಾಲ ಮುಗಿಯುವ ಮೊದಲೇ ಅವಳೂ ಹೋದಳು.

ಇದನ್ನೆಲ್ಲ ಕೇಳಿಯೂ ಟಾಮ್ಸಿನ್ ಕೂದಲನ್ನು ಎಳೆದು ತೆಗೆದಳು. ಕೆಂಪಗೆ, ಮೆತ್ತಗೆ, ಒದ್ದೆ ಕಲ್ಲಿನ ನಡುವೆ ಇದ್ದೂ ಬೆಚ್ಚಗಿತ್ತು. ಲಂಗದ ಚೂರಿನಲ್ಲಿ ತುಂಬಿ ದಿಂಬು ಹೊಲಿದಳು. ಮಗುವಿನ ತಲೆಯಾದರೂ ನೆಲದ ಥಂಡಿಯಿಂದ ಉಳಿಯಲಿ ಎಂದಷ್ಟೇ ಅವಳ ಯೋಚನೆ.

ಕೆಮ್ಮು ನಿಂತಿತು. ಮಗು ಅಳುವುದನ್ನೂ ಬಿಟ್ಟಿತು. ನಿನ್ನ ದೆವ್ವ ಒಳ್ಳೇ ದಾದಿ ಕಣಜ್ಜಿ ಎಂದು ಟಾಮ್ಸಿನ್ ಗೇಲಿ ಮಾಡಿದಳು. ಹೊನೋರಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಆಮೇಲೆ ಮಗು ಮೊಲೆ ಹಿಡಿಯಲಿಲ್ಲ. ಮುಖ ತಿರುವಿ ಗೋಡೆ ನೋಡುತ್ತಿತ್ತು. ಆದರೂ ತುಟಿಯಂಚಿನಲ್ಲಿ ಹಾಲು. ಕೆನ್ನೆ ತುಂಬಿಕೊಂಡಿತು. ಇತ್ತ ಟಾಮ್ಸಿನ್‌ಳ ಎದೆ ಕಲ್ಲುಕಟ್ಟಿ ಉರಿಯಿತು. ಸಂಜೆ ಬೀಗ ಬಿದ್ದ ಮೇಲೆ ಕತ್ತಲಲ್ಲಿ ಯಾರೋ ಗುನುಗುವ ಸದ್ದು. ತಿಳಿಯದ ಭಾಷೆ. ಆಗಷ್ಟೇ ಅಗೆದ ಮಣ್ಣಿನ ವಾಸನೆ. ದಿಂಬು ಕಿತ್ತೆಸೆದಳು. ಮಗು ನೀಲಿಗಟ್ಟಿತು. ಉಸಿರಿಲ್ಲ. ತಡಕಾಡಿ ಮತ್ತೆ ಇಟ್ಟಳು. ಉಸಿರು ಬಂತು. ತೆಗೆದಳು. ಮತ್ತೆ ನೀಲಿ.

ಬೆಳಗಾಗುತ್ತಲೇ ಹೊನೋರಾಳ ಕಾಲು ಹಿಡಿದಳು.

“ಕಿತ್ಕೊಳ್ಳೋಕೆ ಹೋಗ್ಬೇಡ್ವೇ,” ಮುದುಕಿ ಪಿಸುಗುಟ್ಟಿದಳು. “ಕಿತ್ಕೊಂಡ್ರೆ ಕೂಸ್ನ ಜೊತೇಲೇ ಕರ್ಕೊಂಡ್ಹೋಗ್ತಾಳೆ. ಬಿಟ್ಕೊಡು. ನನ್ ಮಗ್ಳು ಅಂತ ನಿನ್ ಬಾಯಲ್ಲಿ ಇನ್ನ್ಯಾವತ್ತೂ ಬರ್ಬಾರ್ದು. ಯಾರ್ ಕೇಳಿದ್ರೂ ಊನಾ ಮಗ್ಳು ಅನ್ನು.”

ಟಾಮ್ಸಿನ್ ಗೋಡೆಯ ಮುಂದೆ ಮೊಣಕಾಲೂರಿ ಹಾಗೇ ಅಂದಳು. ಮಗು ಬದುಕಿತು.

ಹಾಲು ಬಿಟ್ಟ ಮಕ್ಕಳನ್ನು ಅನಾಥಶಾಲೆಗೆ ಒಯ್ಯುವುದು ಅಲ್ಲಿನ ಪದ್ಧತಿ. ಬಿಡುಗಡೆಯಾದ ತಾಯಿ ಬಂದು ಕೇಳಿದರೆ ಮಗು ಕೊಡುತ್ತಿದ್ದರು. ಅಲ್ಲಿನ ಹೆಂಗಸರು ಆ ಒಂದು ಆಸೆಯ ಮೇಲೇ ಜೀವ ಹಿಡಿದಿದ್ದರು. ಲಿಡಿಯಾಳ ಸರದಿ ಬಂದಾಗ, ಆಗಷ್ಟೇ ಕೆಲಸಕ್ಕೆ ಸೇರಿದ ಗುಮಾಸ್ತ ತಲೆಯೆತ್ತದೆ ಕೇಳಿದ:

“ಇದರ ತಾಯಿ ಯಾರು?”

ಟಾಮ್ಸಿನ್ ಬಾಯಿ ತೆರೆದಳು. “ನಾ...” ಮಗುವಿನ ತುಟಿ ನೀಲಿಯಾಯಿತು.

“ಊನಾ,” ಅಂದಳು. “ಸತ್ತೋದ್ಳು.”

“ನೀನ್ಯಾರು ಮತ್ತೆ?”

ಸಾಲಿನಲ್ಲಿದ್ದ ಹೆಂಗಸರೆಲ್ಲ ನೆಲ ನೋಡಿದರು.

“ಯಾರೂ ಅಲ್ಲ.”

ಗಾಡಿ ಹೊರಟಿತು. ಲಿಡಿಯಾ ಕಿಲಕಿಲ ನಕ್ಕು ಎರಡೂ ಕೈ ಚಾಚಿದಳು. ಟಾಮ್ಸಿನ್ ಕಾವಲುಗಾರನನ್ನು ತಳ್ಳಿ ಓಡಿದಳು. ಹತ್ತಿರ ಹೋದಳು. ನಿಂತುಬಿಟ್ಟಳು. ಮಗು ಕೈ ಚಾಚಿದ್ದು ಅವಳ ಕಡೆಗಲ್ಲ, ಗಾಡಿಯ ಖಾಲಿ ಮೂಲೆಯ ಕಡೆಗೆ. ಅಲ್ಲಿ ಹಾಸಿದ್ದ ಹುಲ್ಲು, ಯಾರೋ ಮೆಲ್ಲಗೆ ಕೂತಂತೆ, ತಗ್ಗಿತು.