ಕಾಗದದ ತಪ್ಪು ಮಗ್ಗುಲು

"ಇದು ಮಬ್ಬಾಗಿದೆ, ಬ್ರೋನಿ."

ಫರ್ಗಸ್ ಎರಡು ಕಪ್ಪು-ಬಿಳುಪು ಚಿತ್ರಗಳನ್ನು ಅವಳ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. ಎರಡರಲ್ಲೂ ಅದೇ ಕುರಿ, ಅದರ ಉಣ್ಣೆ ಕತ್ತರಿಸುವ ಅದೇ ಮುದುಕ. ಎಡಗಡೆಯದು ಬ್ರೋನಿಯ ಪ್ರಿಂಟರಿನಿಂದ ಬಂದದ್ದು. ಉಣ್ಣೆ ಗಂಜಿಯಂತೆ ಕಲಸಿಹೋಗಿತ್ತು. ಬಲಗಡೆಯದರಲ್ಲಿ ಎಳೆ ಎಳೆಯೂ ಬೇರೆ ಬೇರೆ ಕಾಣುತ್ತಿತ್ತು.

"ಬಲಗಡೆಯದು ಎಲ್ಲಿಂದ ಬಂತು?"

"ಮೆಲ್ಬರ್ನ್‌ನದು. ಹೋಲಿಸಿ ನೋಡೋಣ ಅಂತ ಒಂದು ಮಾಡಿಸ್ದೆ."

ಬ್ರೋನಿ ಬಲಗಡೆಯ ಚಿತ್ರವನ್ನು ದೂರ ತಳ್ಳಿದಳು.

ಹೋಬಾರ್ಟ್ ಬಂದರಿನ ಹಿಂದಿನ ಬೀದಿಯ ಈ ಮುದ್ರಣದಂಗಡಿಗೆ ಅವನು ಹೋದ ಚಳಿಗಾಲದಲ್ಲಿ ಮೊದಲ ಸಲ ಬಂದಿದ್ದ. ತಾನು ತೆಗೆದ ಫೋಟೋಗಳನ್ನು ಮುದ್ರಣ ಮಾಡಿಸಿಕೊಂಡು ಹೋಗುತ್ತಿದ್ದವನು ಆಮೇಲೆ ಅವಳಿಗೆಂದು ಚಿಪ್ಪುಮೀನು ತುಂಬಿದ ಸ್ಕ್ಯಾಲಪ್ ಪೈ ತರತೊಡಗಿದ. ಅವಳು ತಿಂದು ಮುಗಿಸುವ ತನಕ ಕೂರತೊಡಗಿದ. ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಿರಲಿಲ್ಲ. ತಲೆ ನರೆಯತೊಡಗಿದವರ ಬಾಯಿಗೆ ಆ ಮಾತು ಸುಲಭವಾಗಿ ಬರುವುದಿಲ್ಲ.

ಹಾಗಾದರೆ ನಾನೂ ಸಾಕಾದೆನೇ ಇವನಿಗೆ...

"ಮೂಗು ತಾಗಿಸಿ ನೋಡಿದ್ರೆ ಯಾರ ಮುಖವೂ ಚೆನ್ನಾಗಿರಲ್ಲ, ನಿಂದೂ ಸೇರಿ," ಎಂದಳು. "ಶನಿವಾರ ನಿನ್ನ ಪ್ರದರ್ಶನಕ್ಕೆ ಬರೋರು ಭೂತಗನ್ನಡಿ ಹಿಡ್ಕೊಂಡು ಬರ್ತಾರಾ?"

"ಕೋಣೆಯ ಆ ತುದಿಯಿಂದಲೂ ನೋಡ್ದೆ. ಅಲ್ಲಿಂದಲೂ ಮಬ್ಬೇ."

"ಹಾಗಾದ್ರೆ ಮೆಲ್ಬರ್ನ್‌ನವರ ಹತ್ರಾನೇ ಎಲ್ಲಾ ಮಾಡಿಸ್ಕೋ. ಶನಿವಾರ ಅವನ್ನೇ ತೂಗುಹಾಕು. ನನ್ನ ತಲೆ ತಿನ್ಬೇಡ."

"ಬ್ರೋನಿ, ನಾನು ಕೇಳ್ತಿರೋದು ಏನಂದ್ರೆ..."

"ಬಾಗಿಲು ಹಾಕ್ಕೊಂಡು ಹೋಗು. ಚಳಿ ಬರತ್ತೆ."

ಅವನು ಹೋದ. ಬಾಗಿಲನ್ನು ಮೆಲ್ಲಗೆ ಹಾಕಿಕೊಂಡೇ ಹೋದ. ಅದು ಅವಳಿಗೆ ಇನ್ನೂ ಚುಚ್ಚಿತು.

ಬ್ರೋನಿ ಕುರ್ಚಿಯಲ್ಲಿ ಕುಸಿದಳು. ಅಂಗಡಿಯ ಜೊತೆಗಾತಿ ಹೆರಿಗೆಗೆ ಹೋದಂದಿನಿಂದ ಇಬ್ಬರ ಕೆಲಸ ಇವಳೊಬ್ಬಳ ಮೇಲೆ ಬಿದ್ದಿತ್ತು. ಬೆನ್ನು ಹಿಡಿದಿತ್ತು, ಕಣ್ಣು ಉರಿಯುತ್ತಿತ್ತು. ಫರ್ಗಸ್‌ನ ಚಿತ್ರಗಳನ್ನು ಮುದ್ರಿಸುವಾಗ ಕಪ್ಪು ಬಣ್ಣ ಸಪ್ಪೆ ಎನಿಸಿದ್ದು ನಿಜ. ತನ್ನ ಕಣ್ಣಿನದೇ ದೋಷವೆಂದು ಸುಮ್ಮನಾಗಿದ್ದಳು.

ಆ ಚಿತ್ರಗಳಿಗೆ ಬಳಸಿದ್ದ ಕಾಗದಕ್ಕೆ ಶಾಯಿ ಹಿಡಿಯುವ ಲೇಪ ಒಂದೇ ಮಗ್ಗುಲಿಗೆ. ನೋಡಲು ಎರಡು ಮಗ್ಗುಲೂ ಒಂದೇ ಬಿಳುಪು. ಈ ಕಸುಬಿನವರು ಹಾಳೆಯ ಮೂಲೆಯನ್ನು ಒದ್ದೆ ತುಟಿಗಳ ನಡುವೆ ಇಟ್ಟು ನೋಡುತ್ತಾರೆ. ಲೇಪವಿರುವ ಮಗ್ಗುಲು ತುಟಿಗೆ ಅಂಟುತ್ತದೆ.

ಅವನು ಬಿಟ್ಟುಹೋಗಿದ್ದ ಮಬ್ಬು ಚಿತ್ರದ ಮೂಲೆಯನ್ನು ಬ್ರೋನಿ ತುಟಿಗಿಟ್ಟಳು. ಮುದ್ರಿಸಿದ ಮಗ್ಗುಲು ಅಂಟಲಿಲ್ಲ. ಖಾಲಿ ಬೆನ್ನು ಅಂಟಿತು.

ಕಾಗದದ ಇಡೀ ಕಟ್ಟನ್ನು ಮಗುಚಿ ಪ್ರಿಂಟರಿಗೆ ತುಂಬಿದ್ದಳು.

ಪ್ರೀತಿಸುವವರಿಗೆ ಬುದ್ಧಿ ಇರುವುದಿಲ್ಲ ಎನ್ನುತ್ತಾರೆ. ಸುಳ್ಳು. ಬುದ್ಧಿ ಇರದಿರುವುದು ದಣಿದವರಿಗೆ.

ಸುಮ್ಮನಿದ್ದುಬಿಡಬಹುದಿತ್ತು. ಮೆಲ್ಬರ್ನ್‌ನವರ ಚಿತ್ರಗಳು ಗೋಡೆಗೇರುತ್ತಿದ್ದವು, ಇವಳ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವನು ಮತ್ತೆ ಈ ಅಂಗಡಿಗೆ ಬರುತ್ತಿರಲಿಲ್ಲ. ಅದನ್ನು ನೆನೆದೇ ಅವಳು ಕೋಟು ಹಾಕಿಕೊಂಡು ಎದ್ದಳು.

ಪ್ರದರ್ಶನದ ಸಭಾಂಗಣದಲ್ಲಿ ಫರ್ಗಸ್ ಏಣಿ ಹತ್ತಿ ಚಿತ್ರ ತೂಗುಹಾಕುತ್ತಿದ್ದ. ಬ್ರೋನಿ ನೋಡಿದಳು. ಗೋಡೆಯ ಮೇಲಿದ್ದವೆಲ್ಲ ಅವಳ ಮಬ್ಬು ಚಿತ್ರಗಳೇ!

"ಮೆಲ್ಬರ್ನ್‌ನವರ ಹತ್ರ ಮಾಡಿಸಲ್ವಾ?"

"ಬೇಡ ಅಂದ್ಕೊಂಡೆ."

"ನಂದು ಮಬ್ಬು ಅಂದೋನು ನೀನೇ."

"ಈಗಲೂ ಮಬ್ಬೇ." ಅವನು ತಿರುಗಲಿಲ್ಲ. "ಅವರದನ್ನ ಹಾಕಿದ್ರೆ ನೀನು ಬರ್ತಿರ್ಲಿಲ್ಲ. ನೀನು ಬರದಿರೋ ಪ್ರದರ್ಶನ ಕಟ್ಕೊಂಡು ನಾನೇನು ಮಾಡ್ಲಿ?"

ಬ್ರೋನಿ ಏಣಿಯ ಬುಡಕ್ಕೆ ಬಂದಳು.

"ಇಳಿಸು ಎಲ್ಲಾನೂ. ಕಾಗದದ ಬೆನ್ನಿನ ಮೇಲೆ ಮುದ್ರಿಸಿದೀನಿ. ತಪ್ಪು ನಂದು, ಕೂಗಾಡಿದ್ದು ನಿನ್ನ ಮೇಲೆ."

"ಕೂಗಾಟ ಮಾತ್ರ ಒಂಚೂರೂ ಮಬ್ಬಾಗಿರ್ಲಿಲ್ಲ, ಮಾರಾಯ್ತಿ."

"ತಮಾಷೆ ಸಾಕು. ಮೆಲ್ಬರ್ನ್‌ಗೆ ಯಾಕೆ ಕಳಿಸ್ದೆ, ಹೇಳು."

ಅವನು ಏಣಿಯಿಂದ ಇಳಿದು ಬಂದ.

"ಇಷ್ಟು ವರ್ಷದ ಕೆಲಸದೋಳು ನೀನು ಇಂಥದನ್ನ ಕೈಗೆ ಕೊಟ್ರೆ... ನಿನ್ನ ಕಣ್ಣಿಗೇನಾದ್ರೂ ಆಯ್ತಾ ಅಂತ ಭಯ ಆಯ್ತು. ದೋಷ ನನ್ನ ಕಣ್ಣಲ್ಲೇ ಇರ್ಲಿ ಅಂದ್ಕೊಂಡು ಹೋಲಿಸಿದ್ದು."

ಬ್ರೋನಿ ನೆಲ ನೋಡಿದಳು.

"ಕಣ್ಣು ಸರಿ ಇದೆ. ದಣಿದಿದೀನಿ. ತುಂಬಾ ದಣಿದಿದೀನಿ, ಫರ್ಗಸ್."

ಈ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

ಅವನು ಗೋಡೆಯ ಬಳಿಯಿದ್ದ ಬೆಂಚಿನ ಮೇಲಿನ ಸಾಮಾನನ್ನೆಲ್ಲ ನೆಲಕ್ಕೆ ಸರಿಸಿ ಅವಳನ್ನು ಕೂರಿಸಿದ. ತಾನೂ ಕೂತ.

"ಶನಿವಾರದೊಳಗೆ ಎಲ್ಲಾ ಮತ್ತೆ ಮುದ್ರಿಸ್ಬೇಕು," ಎಂದಳು.

"ಇಬ್ರೂ ಸೇರಿ ಮಾಡೋಣ. ನಾನು ಬರ್ತಿದ್ದದ್ದು ಚಿತ್ರಕ್ಕಲ್ಲ ಬ್ರೋನಿ, ನಿನಗೋಸ್ಕರ. ಗೊತ್ತಾಗ್ಲಿಲ್ವಾ?"

"ಈಗ ಗೊತ್ತಾಯ್ತು... ಸುಮ್ನಿರು. ಸ್ವಲ್ಪ ಹೊತ್ತು ಒರಗ್ಕೋತೀನಿ."

"ಒರಗ್ಕೋ," ಎಂದು ಅವನು ಭುಜ ತಗ್ಗಿಸಿದ.