ಬೂದಿ ಬಣ್ಣದ ತೆನೆ

ಬಹಳ ಹಿಂದೆ, ನೆಲಕ್ಕೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಬಿಳಿದೆನೆ ಎಂಬ ರಾಜ್ಯವಿತ್ತು. ಅಲ್ಲಿ ಕಣ್ಣು ಹಾಯುವಷ್ಟು ದೂರವೂ ಜೋಳ. ಆ ಜೋಳದ ಬೇರಿನ ಕೆಳಗೆ ಮಸಿರಾಯನೆಂಬ ಮಾಂತ್ರಿಕನಿದ್ದ. ಅವನಿಗೆ ತಲೆಯಿಲ್ಲ, ಕಾಲಿಲ್ಲ. ಮೈಯೆಲ್ಲ ಕರಿ ಎಳೆ. ಆ ಎಳೆ ಮೇಲೆ ಹತ್ತಿ ತೆನೆ ಹೊಕ್ಕರೆ ಕಾಳಿನ ಜಾಗದಲ್ಲಿ ಕಾಡಿಗೆಯಂಥ ಪುಡಿ ತುಂಬುತ್ತಿತ್ತು.

ಅಂಥ ಹೊಲದ ಜೋಳದ ರೊಟ್ಟಿ ತಿಂದವರಿಗೆ ಮೊದಲು ಉಗುರು ಕಪ್ಪಾಗುತ್ತಿತ್ತು. ಆಮೇಲೆ ದನಿ ಹೋಗುತ್ತಿತ್ತು. ಕಡೆಗೆ ಅವರು ಎದ್ದು ಹೊಲಕ್ಕೆ ನಡೆದು, ಜೋಳದ ಸಾಲಿನಲ್ಲಿ ನಿಂತುಬಿಡುತ್ತಿದ್ದರು. ಗಾಳಿ ಬೀಸಿದ ಕಡೆಗೆ ಬಾಗುತ್ತಿದ್ದರು. ರಾಜನೂ ಅರಮನೆಯ ಹಿಂದಿನ ಹೊಲದಲ್ಲಿ ನಿಂತಿದ್ದ. ಅವನ ಕಿರೀಟದ ಮೇಲೆ ಕಾಗೆ ಕೂರುತ್ತಿತ್ತು, ಓಡಿಸುವವರಿರಲಿಲ್ಲ.

ಆ ರಾಜ್ಯದಲ್ಲಿ ಕರಿ ತೆನೆ ಕೀಳುವ ಕೆಲಸ ಚೆನ್ನಬೀರನೆಂಬ ಯುವಕನದು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಪುಡಿ ಹಾರದಂತೆ ಒದ್ದೆ ಚೀಲದಲ್ಲಿ ತೆನೆ ತುಂಬಿ, ಬದುವಿನ ಮೇಲೆ ಸುಡುತ್ತಿದ್ದ. ಕರಿ ತೆನೆಗಳ ನಡುವೆ ಬೂದಿ ಬಣ್ಣಕ್ಕೆ ತಿರುಗಿ ಮುದುಡಿದವೂ ಕೆಲವು ಇರುತ್ತಿದ್ದವು. ಎಲ್ಲಕ್ಕಿಂತ ಅಸಹ್ಯ ಅವೇ ಎಂದು ಅವನ್ನೇ ಮೊದಲು ಬೆಂಕಿಗೆ ಹಾಕುತ್ತಿದ್ದ. ಅಪ್ಪನೂ ಹಾಗೇ ಮಾಡುತ್ತಿದ್ದ, ಅಜ್ಜನೂ ಹಾಗೇ. ಬಲು ಚೊಕ್ಕ ಮನೆತನ.

ಒಂದು ಬೆಳಿಗ್ಗೆ ಅವನ ತಂಗಿ ನೀಲವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಬಿಳಿ ಹಿಟ್ಟಿನ ಮೇಲೆ ಅವಳ ಉಗುರೆಲ್ಲ ಕಪ್ಪಾಗಿ ಕಂಡವು.

"ಅಣ್ಣಾ, ನನ್ನ ಒಳಗ ಯಾರೋ ಬೇರು ಬಿಡಾಕತ್ತಾರ," ಎಂದಳು.

ಚೆನ್ನಬೀರನಿಗೆ ಅವಳನ್ನು ಬಿಟ್ಟರೆ ತನ್ನವರೆಂಬುವರು ಯಾರೂ ಇರಲಿಲ್ಲ. ಚೀಲ ಹಿಡಿದು ತಮ್ಮ ಹೊಲಕ್ಕೆ ಓಡಿದ. ಬದುವಿನ ಮಗ್ಗುಲಿಗೆ ಒಂದೇ ಒಂದು ಬೂದಿ ತೆನೆ ಇತ್ತು. ಅದಕ್ಕೇ ಮೊದಲು ಕೈ ಹೋಯಿತು.

"ಈ ಸಲಾನೂ ನನ್ನನ್ನೇ ಮೊದಲ ಸುಡ್ತಿಯೇನಪಾ?" ಎಂದಿತು ತೆನೆ.

ಚೆನ್ನಬೀರ ಬಾಯಿಯ ಬಟ್ಟೆ ಸರಿಸಿದ. "ಯಾರು ನೀ?"

"ನನಗ ಹೆಸರಿಲ್ಲ, ಮೈಯಿಲ್ಲ. ಮಸಿರಾಯನ ಎಳಿಯೊಳಗ ಇರ್ತೀನಿ. ಅವಗ ಹತ್ತಿದ ಜಡ್ಡು ನಾ."

"ಜಡ್ಡಿಗೂ ಜಡ್ಡು ಬರ್ತದೇನು?"

"ಬರ್ತದ. ನಾ ಹೊಕ್ಕ ಎಳಿ ಸೊರಗತದ. ಆದ್ರ ನೀವು ನಮ್ಮನ್ನೇ ಹುಡುಕಿ ಹುಡುಕಿ ಸುಟ್ರಿ. ಈಗ ಉಳದದ್ದು ನಾ ಒಂದೇ."

ಕೆಟ್ಟ ಮೇಲೆ ಬುದ್ಧಿ ಬಂತು. ಚೆನ್ನಬೀರ ನಾಚಿಕೆಯಿಂದ ತೆನೆಯನ್ನು ಎದೆಗೆ ಅವಚಿಕೊಂಡು, ತಂಗಿಗೆ ಕೊಡಲು ಅಂಜಿ, ಮೊದಲು ರಾಜನ ಬಳಿಗೆ ಓಡಿದ. ರಾಜನ ಉಗುರಿಗೆ ಬೂದಿ ಪುಡಿ ಸವರಿದ. ಉಗುರಿನ ಕೆಳಗಿನ ಎಳೆ ಅದನ್ನು ಮೂಸಿ ನೋಡಿ, "ನಮ್ಮ ಕುಲದ್ದಲ್ಲ," ಎಂದು ಪಿಸುಗುಟ್ಟಿ ಒಳಗೆ ಸರಿಯಿತು. ಹೊಳೆದಂಡೆಯ ಹೊಲದಲ್ಲಿ ಕುಂಬಾರನೊಬ್ಬ ನಿಂತಿದ್ದ. ಅವನ ಉಗುರಿನ ಎಳೆಯೂ ಮೂಸಿ ನೋಡಿ, "ನಮ್ಮ ಕುಲದ್ದಲ್ಲ," ಎಂದಿತು. ಇನ್ನು ಉಳಿದದ್ದು ಒಂದು ಚಿಟಿಕೆ ಪುಡಿ.

"ಎಳಿ ಎಳಿಗೂ ಕುಲ ಐತಿ," ಎಂದಿತು ತೆನೆ. "ತನ್ನ ಹೊಲದ್ದನ್ನ ಬಿಟ್ಟು ಬ್ಯಾರೇದನ್ನ ಸೇರಿಸಂಗಿಲ್ಲ. ಎಲ್ಲಾರನ್ನೂ ಅಪ್ಪಿಕೊಳ್ಳಾಂವ ಮಸಿರಾಯ ಒಬ್ಬನೇ. ಅವನ ಕಡೆ ಹೋಗಾಕ ನನಗ ಕಾಲಿಲ್ಲ, ನನ್ನ ಕುಲದ ಎಳಿ ಹೊತ್ತವರೇ ಒಯ್ಯಬೇಕು. ನಾ ಹುಟ್ಟಿದ ಹೊಲದ ರೊಟ್ಟಿ ಯಾರು ತಿಂದಾರ, ಹೇಳು."

ಉತ್ತರ ಅವನಿಗೆ ಗೊತ್ತಿತ್ತು. ಉಳಿದ ಪುಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮನೆಯ ಕಡೆ ತಿರುಗಿದ.

ಮನೆಗೆ ಬಂದಾಗ ನೀಲವ್ವನ ದನಿ ಅರ್ಧ ಹೋಗಿತ್ತು. ಅವನು ನಡೆದದ್ದನ್ನೆಲ್ಲ ಹೇಳಿದ, ಮುಷ್ಟಿ ಮಾತ್ರ ಬಿಚ್ಚಲಿಲ್ಲ.

"ನಿನಗ ಏನರ ಆದ್ರ ನಾ ಏನ ಮಾಡ್ಲಿ, ತಂಗಿ?"

"ನೀ ಕೊಡದಿದ್ರೂ ನಾ ನಡಕೊಂಡು ಹೋಗಾಕೀನೇ, ಅಣ್ಣಾ. ಬರಿಗೈಲೆ ಯಾಕ ಹೋಗ್ಲಿ?"

ಅವಳೇ ಅವನ ಬೆರಳು ಬಿಡಿಸಿ, ಆ ಪುಡಿಯನ್ನು ನಾಲಿಗೆಗೆ ಹಾಕಿಕೊಂಡಳು. ಅದರೊಂದಿಗೆ ಅವಳ ದನಿ ಪೂರ್ತಿ ನಿಂತಿತು.

ಹೊತ್ತು ಇಳಿಯುವಾಗ ನೀಲವ್ವ ಎದ್ದು ನಡೆದಳು. ಚೆನ್ನಬೀರ ಸೆರಗಿನ ತುದಿ ಹಿಡಿದು ಹಿಂದೆ ನಡೆದ. ಹೊಲದಲ್ಲಿ ನಿಂತವರೆಲ್ಲ ಗಾಳಿಯಿಲ್ಲದೆಯೇ ಅವಳ ಕಡೆಗೆ ಬಾಗಿದರು. ಮಣ್ಣು ಬಿರಿದು ಕರಿ ಎಳೆಗಳು ಎದ್ದವು.

"ಬಾ, ಮಗಳೇ," ಎಂದ ಮಸಿರಾಯ. ಆ ಮಾತು ಅಲ್ಲಿ ನಿಂತ ಎಲ್ಲರ ಬಾಯಿಂದಲೂ ಒಟ್ಟಿಗೇ ಬಂತು.

ಎಳೆಗಳು ಅವಳನ್ನು ಮೂಸಿದವು, ತಮ್ಮದೇ ಎಂದುಕೊಂಡು ಕುತ್ತಿಗೆಯ ತನಕ ಸುತ್ತಿಕೊಂಡವು. ಚೆನ್ನಬೀರನಿಗೆ ಸೆರಗು ಹಿಡಿದು ಜಗ್ಗಬೇಕೆನ್ನಿಸಿತು. ಜಗ್ಗಿದರೆ ಎಲ್ಲ ಕೆಟ್ಟೀತೆಂದು ಹಲ್ಲು ಕಚ್ಚಿ ನಿಂತ.

ಅವಳನ್ನು ಮುಟ್ಟಿದ ಎಳೆ ಬೂದಿಯಾಯಿತು. ಅದನ್ನು ಮುಟ್ಟಿದ್ದೂ ಬೂದಿಯಾಯಿತು.

"ಏನು ತಂದಿ, ಮಗಳೇ?" ಎಂದು ಆ ಬಾಯಿಗಳು ಕೇಳಿದವು. ಕೇಳುವಷ್ಟರಲ್ಲಿ ಬೂದಿ ನೆಲದೊಳಗೆ ಹರಿದಿತ್ತು. ಎಲ್ಲ ಎಳೆಯ ಬುಡವೂ ಮಸಿರಾಯನೇ. ಬುಡದಿಂದ ಬಂದದ್ದನ್ನು ಯಾವ ಎಳೆಯೂ "ನಮ್ಮ ಕುಲದ್ದಲ್ಲ" ಎನ್ನಲಿಲ್ಲ.

ಅರಮನೆಯ ಹಿಂದೆ ರಾಜ ತಲೆ ಕೊಡವಿ, "ಈ ಕಾಗೆ ಯಾರದು?" ಎಂದ. ಹೊಳೆದಂಡೆಯಲ್ಲಿ ಕುಂಬಾರ ನೀರು ಕೇಳಿದ. ನಿಂತವರೆಲ್ಲ ಕಾಲಿನ ಮಣ್ಣು ಒರೆಸಿಕೊಂಡು ತಂತಮ್ಮ ಮನೆಯ ದಾರಿ ಹಿಡಿದರು. ನೀಲವ್ವ ಮಾತ್ರ ಅಲುಗಲಿಲ್ಲ. ಚೆನ್ನಬೀರ ಅಲ್ಲೇ ಕುಸಿದು ಅತ್ತ.

"ಸೆರಗು ಬಿಡಣ್ಣಾ, ಹರದೀತು," ಎಂದಳು ನೀಲವ್ವ.

ಮಸಿರಾಯ ಸಾಯಲಿಲ್ಲ. ಜಡ್ಡು ಹಿಡಿದು ನೆಲದಡಿ ಮಲಗಿದ್ದಾನೆ, ಏಳುವ ಕಸುವಿಲ್ಲ. ಬಿಳಿದೆನೆಯ ಜನ ಬಿಳಿ ರೊಟ್ಟಿ ತಿಂದು ಸುಖವಾಗಿದ್ದಾರೆ. ಈಗ ಅಲ್ಲಿ ಯಾವ ಹೊಲದಲ್ಲೂ ಬೂದಿ ತೆನೆಯನ್ನು ಕೀಳುವುದಿಲ್ಲ. ಆದರೂ ಸುಗ್ಗಿ ಬಂದಾಗ ಚೆನ್ನಬೀರನ ಕೈ ಹಳೆಯ ರೂಢಿಯಂತೆ ಅದರ ಕಡೆಗೇ ಹೋಗುತ್ತದೆ. ಆಗ ನೀಲವ್ವ ಅವನ ಮಣಿಕಟ್ಟು ಹಿಡಿಯುತ್ತಾಳೆ. ಅವಳ ಉಗುರೆಲ್ಲ ಬೆಳ್ಳಗಾಗಿವೆ, ಕಿರುಬೆರಳಿನದೊಂದು ಮಾತ್ರ ಇನ್ನೂ ಬೂದಿ ಬಣ್ಣ. ಅದರೊಳಗಿಂದ ಸಣ್ಣ ದನಿಯೊಂದು, "ಸುಡಬ್ಯಾಡಪಾ," ಎನ್ನುತ್ತದೆ.